ಗ್ಯಾಸಿನ ಗುಳಿಗಿ

ದುರ್ಗವ್ವ ಮಗ್ಗದ ಮೇಲೆಯೇ ಕುಸಿದಿದ್ದಳು. ಪಕ್ಕದಲ್ಲಿ ಕಾರಿಕೊಂಡ ಕಪ್ಪು ರಕ್ತ. ಅರ್ಧ ಕುಡಿದ ಮಜ್ಜಿಗೆ ಲೋಟ. ಇಳಕಲ್ಲಿನ ಆ ಓಣಿಗೆ ಇಷ್ಟು ಸಾಕಲ್ಲ!

"ಸೊಸಿ ಮಜ್ಜಿಗ್ಯಾಗ ವಿಷಾ ಹಾಕ್ಯಾಳ್ರಿ! ಜೇಲಿಗೆ ಹಾಕ್ರಿ ಆಕಿನ್ನ!" ದುರ್ಗವ್ವನ ನಾದಿನಿ ರಂಗವ್ವ ಎದೆ ಬಡಿದುಕೊಂಡಳು.

ಸೊಸೆ ಮಹಾನಂದಾ ತುಂಬು ಬಸುರಿ. ತಾಯಿ-ತಂದೆ ಇಲ್ಲದ ಹುಡುಗಿ. ಗಂಡ ರಾಜಕುಮಾರನೂ ಅವಳತ್ತ ನೋಡಲಿಲ್ಲ. ಪಾಪ, ಅವಳ ಪರ ಮಾತಾಡುವವರು ಯಾರು?

ದುರ್ಗವ್ವನನ್ನು ಬಾಗಲಕೋಟೆ ಆಸ್ಪತ್ರೆಗೆ ಸಾಗಿಸಿದರು. ದೂರು ಕೇಳಿ ಮನೆಗೆ ಬಂದ ಎಸ್‌ಐ ಶಹನಾಜ ಲೋಟ ಮೂಸಿದಳು. ಬರೀ ಇಂಗಿನ ವಾಸನೆ.

"ಜಗಳ ಆಗಿತ್ತೇನ್ ತಂಗಿ?"

"ಹೂಂರಿ. ಉಣ್ಣದ ನೇಯಬ್ಯಾಡ್ರಿ ಅತ್ತಿ ಅಂದೆ. ಮಗ್ಗದ ಖೋಲಿಗೆ ಕಾಲಿಡಬ್ಯಾಡ ಅಂತ ಬೈದ್ರು. ಬಾಗಲಾ ಹಾಕ್ಕೊಂಡ ನೇಯತಿದ್ರು, ಮಜ್ಜಿಗಿ ಹೊಸ್ತಲದಾಗ ಇಟ್ಟ ಬಂದೆ."

"ಕೇಳಿದ್ರಿಲ್ಲೋ!" ಎಂದಳು ರಂಗವ್ವ. "ಈಕಿ ಮಾರಿ ನೋಡಾಕ ಮನಸ ಇದ್ದಿಲ್ಲ!"

ಶಹನಾಜ ಮಗ್ಗದತ್ತ ಹೋದಳು. ಮಗ್ಗದ ಮೇಲಿನ ಹಸಿರು ಸೀರೆ ನೋಡಿದಳು. ಹಲಗೆಯ ಕೆಳಗೆ ಗುಳಿಗೆಯ ಹಾಳೆಗಳಿದ್ದವು. ನೋವಿನ ಗುಳಿಗೆಯದು ಪೂರಾ ಖಾಲಿ. ಇನ್ನೊಂದರಲ್ಲಿ ಒಂದೂ ಒಡೆದಿರಲಿಲ್ಲ.

* * *

"ವಿಷ ಅಲ್ರಿ," ಎಂದರು ಡಾಕ್ಟರು. "ಹೊಟ್ಟ್ಯಾಗ ಹುಣ್ಣಾಗಿ ರಕ್ತ ಸೋರೇತಿ."

ರಕ್ತ ನಿಂತ ಮೇಲೆ ಎಲ್ಲರನ್ನೂ ಒಳಗೆ ಬಿಟ್ಟರು. ಶಹನಾಜ ತುಂಬಿದ ಹಾಳೆ ತೋರಿಸಿದಳು. "ದುರ್ಗವ್ವ, ಇದನ್ನ್ಯಾಕ ಮುಟ್ಟಿಲ್ರಿ?"

"ಅದು ಗ್ಯಾಸಿನ ಗುಳಿಗಿ ಅಂತ ಔಷಧದ ಅಂಗಡ್ಯಾಗ ಅಂದ್ರು. ನನಗೆಲ್ಲಿ ಗ್ಯಾಸ ಐತ್ರಿ?"

ಡಾಕ್ಟರು ಹಣೆ ಬಡಿದುಕೊಂಡರು. "ಯವ್ವಾ, ಅದು ಹೊಟ್ಟಿ ಕಾಯೂ ಗುಳಿಗಿ! ನೋವಿನ ಗುಳಿಗಿ ಬೆರಳ ಸಂದಿನ ಬಾವು ಇಳಸತೈತಿ, ಖರೆ. ಖಾಲಿ ಹೊಟ್ಟ್ಯಾಗ, ಹೇಳಿದ್ದಕ್ಕಿಂತ ಹೆಚ್ಚ ನುಂಗಿದ್ರ ಹೊಟ್ಟಿ ಸುಡತೈತಿ. ಕಿಡ್ನಿಗೂ ಕೆಟ್ಟ."

"ಹೆಚ್ಚ ಯಾಕ ನುಂಗಿದ್ರಿ?" ಶಹನಾಜ ಕೇಳಿದಳು.

ದುರ್ಗವ್ವ ಬಾತ ಬೆರಳು ಸೆರಗಿನಲ್ಲಿ ಮುಚ್ಚಿಕೊಂಡಳು. "ನುಂಗಿದ್ರ ಬೆರಳ ಮಡಚತಿದ್ವು. ಸೀರಿ ಸೆರಗಿನ ಎಳಿಗೆ ಒಡಲಿನ ಎಳಿ ಒಂದೊಂದಾಗಿ ಕೊಂಡಿ ಹಾಕಬೇಕಲ್ಲ."

"ನಾ ಹೇಳ್ತೇನಿ ಬಿಡ್ರಿ," ಎಂದಳು ಶಹನಾಜ. "ಹಸರ ಸೀರಿ ಬಸುರಿಗೆ ಕುಬುಸದ ಶಾಸ್ತ್ರಕ್ಕ ಉಡಸತಾರ. ಅದು ತವರಿಂದ ಬರಬೇಕು. ಸೊಸಿಗೆ ತವರಿಲ್ಲ. ಅದಕ್ಕ ಆಕಿ ಕಣ್ಣಿಗೆ ಬೀಳಧಂಗ ಬಾಗಲಾ ಹಾಕ್ಕೊಂಡ್ರಿ. ಹೌದಲ್ಲೋ?"

"ಮತ್ತ? ಮೊದಲ ನೋಡಿಬಿಟ್ರ ತವರ ಸೀರಿ ಅನಸತೈತೇನ್ರಿ?"

ರಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಾಜಕುಮಾರ ನೆಲ ನೋಡಿದ.

ಮಹಾನಂದಾ ಅಳುತ್ತಲೇ ಗಂಜಿ ಬಟ್ಟಲು ಹಿಡಿದು ಮಂಚದ ಮೇಲೆ ಕೂತಳು. ಮದುವೆಯಾದಾಗಿನಿಂದ "ಅತ್ತಿ, ಬರ್ರಿ, ಹೋಗ್ರಿ" ಎನ್ನುತ್ತಿದ್ದವಳು ಚಮಚ ಮುಂದೆ ಹಿಡಿದಳು.

"ಮೊದಲ ಉಣ್ಣು. ಆಮ್ಯಾಲ ಗುಳಿಗಿ. ಬಾಯಿ ತಗಿ, ಅವ್ವಾ."