ಎಂಟಕ್ಕೆ ಹೊರಟು ಹನ್ನೊಂದಕ್ಕೆ

“ಗುಬ್ಬೀ, ಚಿಕ್ಕಮ್ಮನ ಫೋನು!”

“ಹಲ್ಲುಜ್ತಾ ಇದ್ದೀನಮ್ಮಾ!”

ಬಾಯಲ್ಲಿ ಬ್ರಶ್ಶೂ ಇರಲಿಲ್ಲ, ಪೇಸ್ಟೂ ಇರಲಿಲ್ಲ. ಗುಬ್ಬಿ ಮಂಚದ ಮೇಲೆ ಕೂತು ಗೋಡೆ ನೋಡುತ್ತಿದ್ದಳು. ಚಿಕ್ಕಮ್ಮನ ಜೊತೆ ಠೂ ಬಿಟ್ಟು ಇವತ್ತಿಗೆ ಆರು ದಿನ.

ಚಿಕ್ಕಮ್ಮ ನರ್ಸ್. ಹೋದ ವರ್ಷದವರೆಗೂ ಇದೇ ಮಂಚದಲ್ಲಿ ಗುಬ್ಬಿಯ ಪಕ್ಕ ಮಲಗುತ್ತಿದ್ದಳು. ಬೆಳಿಗ್ಗೆ ಏಳು ಗಂಟೆಗೆ ಗುಬ್ಬಿಯ ಕಾಲಿನ ಹೆಬ್ಬೆರಳು ಹಿಡಿದು ಜಗ್ಗುವವಳು ಅವಳೇ. ಹೇರ್‌ಪಿನ್ ಕಚ್ಚಿಕೊಂಡೇ ಹಾಡು ಗುನುಗುತ್ತ ಎರಡು ಜಡೆ ಹೆಣೆಯುವವಳೂ ಅವಳೇ. ಅಮ್ಮ ಹೆಣೆದರೆ ಒಂದು ಜಡೆ ಮೇಲೆ, ಒಂದು ಕೆಳಗೆ. ಎಷ್ಟು ಚೆನ್ನಾಗಿದ್ದವು ಆ ದಿನಗಳು! ಆಮೇಲೆ ಚಿಕ್ಕಮ್ಮನಿಗೆ ದೂರದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ವಿಮಾನ ಹತ್ತಿದಳು. ಈಗ ಏಳು ಗಂಟೆಗೆ ಬರೀ ಫೋನು, ಒಂದು ದಿನವೂ ತಪ್ಪದೆ.

ಜಗಳಕ್ಕೆ ಕಾರಣ ಸ್ಕೂಲಿನ ನಾಟಕ. “ನೋಡೋಕೆ ಬಾ” ಅಂದರೆ, “ರಜಾ ಇರೋದು ಒಂದೇ ದಿನ, ಹೇಗೆ ಬರ್ಲಿ ಪುಟ್ಟಾ?” ಅಂದುಬಿಟ್ಟಳು ಚಿಕ್ಕಮ್ಮ. ಗುಬ್ಬಿಗೋ ಮೂಗಿನ ತುದಿಯಲ್ಲೇ ಕೋಪ.

ಸಂಜೆ ದೂರು ತಾತನ ಹತ್ತಿರ ಹೋಯಿತು. ತಾತ ಮನೆಯಲ್ಲೇ ವಾಚ್ ರಿಪೇರಿ ಮಾಡುತ್ತಿದ್ದರು.

“ನೋಡಿ ತಾತಾ, ಚಿಕ್ಕಮ್ಮನ ಹಳೇ ಟಿಕೆಟ್ಟು. ನಮ್ಮ ಏರ್‌ಪೋರ್ಟ್ ಬಿಡೋದು ಎಂಟಕ್ಕೆ, ಅಲ್ಲಿ ಮುಟ್ಟೋದು ಹನ್ನೊಂದಕ್ಕೆ. ಹನ್ನೊಂದರಲ್ಲಿ ಎಂಟು ಕಳೆದ್ರೆ ಮೂರು. ಮೂರೇ ಗಂಟೆ! ಬಂದು, ನಾಟಕ ನೋಡ್ಕೊಂಡು, ವಾಪಸ್ ಹೋಗ್ಬಹುದಿತ್ತು. ಮನಸ್ಸಿದ್ರೆ ಮಾರ್ಗ ಅಂತಾರಲ್ಲ, ಅವಳಿಗೆ ಮನಸ್ಸೇ ಇಲ್ಲ!”

ತಾತ ಕಣ್ಣಿನ ಭೂತಗನ್ನಡಿ ತೆಗೆದರು. “ಕಳೆದಿದ್ದು ಸರಿಯಾಗೇ ಇದೆ ಕಣೇ. ಆದ್ರೆ ಎರಡೂ ಒಂದೇ ಗಡಿಯಾರದ್ದಲ್ಲ.”

ರಿಪೇರಿಗೆ ಬಂದಿದ್ದ ಎರಡು ಟೈಂಪೀಸುಗಳನ್ನು ಮುಂದಿಟ್ಟರು. “ಇದು ನಮ್ಮೂರು, ಇದು ಅವಳೂರು. ಸೂರ್ಯ ನಮ್ಮನ್ನ ಎಬ್ಬಿಸಿ ಹೆಚ್ಚುಕಮ್ಮಿ ಆರು ಗಂಟೆ ಆದ್ಮೇಲೆ ಅಲ್ಲಿಗೆ ಹೋಗ್ತಾನೆ. ಇಲ್ಲಿ ಎಂಟಾದಾಗ ಅಲ್ಲಿನ್ನೂ ಎರಡು. ಈಗ ಎರಡರಿಂದ ಹನ್ನೊಂದಕ್ಕೆ ಎಣಿಸು.”

ಗುಬ್ಬಿ ಬೆರಳು ಮಡಿಸಿದಳು. “ಒಂಬತ್ತು! ಬರೋಕೂ ಒಂಬತ್ತು, ಹೋಗೋಕೂ ಒಂಬತ್ತಾ?”

“ಹೂಂ. ಆರೂವರೆ ಸಾವಿರ ಕಿಲೋಮೀಟರು. ಒಂದು ದಿನದ ರಜಾ ಆಕಾಶದಲ್ಲೇ ಮುಗಿದುಹೋಗುತ್ತೆ.”

ಗುಬ್ಬಿಯ ಮುಖ ಚಿಕ್ಕದಾಯಿತು. ಸುಮ್ಮನೆ ಎರಡೂ ಟೈಂಪೀಸುಗಳ ಮುಳ್ಳು ತಿರುಗಿಸುತ್ತ ಕೂತಳು. ಇಲ್ಲಿ ಹತ್ತು, ಅಲ್ಲಿ ನಾಲ್ಕು. ಇಲ್ಲಿ ಏಳು, ಅಲ್ಲಿ ಒಂದು. ಕೈ ನಿಂತಿತು.

“ತಾತಾ, ಈ ಒಂದು ಹಗಲಿಂದಾ, ರಾತ್ರಿದಾ?”

“ರಾತ್ರಿದು.”

“ಚಿಕ್ಕಮ್ಮಂಗೆ ಹಗಲು ಡ್ಯೂಟಿ ಅಲ್ವಾ? ಆಗ ನಿದ್ದೆ ಮಾಡ್ಬೇಕಲ್ವಾ?”

“ಅಲಾರಂ ಇಟ್ಕೊಂಡು ಏಳ್ತಾಳೆ. ನಿಮ್ಮಮ್ಮ ಬೇಡ ಅಂದ್ರೂ ಕೇಳಲ್ಲ. ‘ನನ್ನ ಗುಬ್ಬೀನ ನಾನೇ ಎಬ್ಬಿಸ್ಬೇಕು’ ಅಂತ ಹಟ.”

ಸುಳ್ಳು ಹಲ್ಲುಜ್ಜಿದ ಆರು ಬೆಳಗುಗಳೂ ಗುಬ್ಬಿಗೆ ನೆನಪಾದವು. ಗೋಡೆ ಗಡಿಯಾರ ನೋಡಿದಳು. ಆರೂವರೆ. ಅಲ್ಲಿ ಹನ್ನೆರಡೂವರೆ, ಊಟದ ಹೊತ್ತು. ಓಡಿಹೋಗಿ ಅಮ್ಮನ ಫೋನು ತೆಗೆದುಕೊಂಡಳು.

“ಚಿಕ್ಕಮ್ಮಾ, ನಾಳೆಯಿಂದ ನಾನೇ ಏಳ್ತೀನಿ. ಬೆಳಿಗ್ಗೆ ನೀನು ಫೋನ್ ಮಾಡ್ಬೇಡ.”

“ಯಾಕೆ ಪುಟ್ಟಾ, ಇನ್ನೂ ಕೋಪಾನಾ?”

“ಇಲ್ಲ,” ಅಂದಳು ಗುಬ್ಬಿ. “ಆಗ ನೀನು ಮಲಗಿರ್ಬೇಕು.”