ನಲವತ್ತು ವಿಮಾನ

“ನಲವತ್ತು ಅಂತ ಬರಿಯವಾ. ನಿಮ್ಮ ಮುತ್ಯಾನೇ ಹೇಳ್ಯಾರ,” ಅಂದರು ದಿಗಂಬರ ಮಾಸ್ತರರು.

ಐದನೇ ಇಯತ್ತೆಯ ಕಸ್ತೂರಿ ಸ್ಟೂಲಿನ ಮೇಲೆ ನಿಂತು, ಶಾಲೆಯ ಬೋರ್ಡಿನಲ್ಲಿ ದುಂಡಗೆ ಬರೆದಳು: ‘ಎರಡನೆಯ ಮಹಾಯುದ್ಧದಲ್ಲಿ ನಮ್ಮೂರ ಬಯಲಿನಲ್ಲಿ ನಲವತ್ತು ವಿಮಾನಗಳು ಇಳಿದವು.’

ಅದು ೧೯೭೫. ಮರುದಿನ ಹುಮನಾಬಾದಿನಿಂದ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದರು. ಬೋರ್ಡಿನಲ್ಲಿ ಇದ್ದದ್ದನ್ನು ಬರೆದುಕೊಂಡು ಹೋಗಿ, ಊರುಗಳ ಇತಿಹಾಸದ ಪುಸ್ತಕದಲ್ಲಿ ಅಚ್ಚು ಹಾಕಿಸುತ್ತಾರಂತೆ.

ಮಧ್ಯಾಹ್ನ ಮನೆಯಲ್ಲಿ ಕಸ್ತೂರಿ ಈ ಸುದ್ದಿ ಹೇಳಿದಳು. ಮುತ್ಯಾನ ಹೆಂಡತಿ, ಅವಳ ಅಜ್ಜಿ ಗಯಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ನಲವತ್ತ? ಎಲ್ಲಿ ಇಳದಾವ? ನಿಮ್ಮ ಮುತ್ಯಾ ಅಲ್ಲಿ ಚೌಕಿದಾರ ಇದ್ದ. ಮೂರು ವರ್ಷ ಬುತ್ತಿ ಒಯ್ದಾಕಿ ನಾನು. ಒಂದ ವಿಮಾನ ಬರಲಿಲ್ಲ. ಬಂದಿದ್ರ ಅದಕ್ಕೂ ಒಂದ ರೊಟ್ಟಿ ಕೊಡತಿದ್ದೆ.”

“ಮತ್ತ ಮುತ್ಯಾ ಎಲ್ಲಾರಿಗೂ ಹೇಳ್ತಾನಲ್ಲ?”

“ಮೊದಲ ನಾಲ್ಕ ಅಂತಿದ್ದ. ನೀ ಹುಟ್ಟೂದ್ರಾಗ ಹದಿನೆಂಟ ಆಗಿದ್ವು.”

ಊರಲ್ಲಿ ಮುತ್ಯಾನ ಹೆಸರೇ ವಿಮಾನ ಸಂಗಪ್ಪ. ಅಬ್ದುಲ್ ಕರೀಂ ಕಾಕಾನ ಚಹಾದಂಗಡಿಯಲ್ಲಿ ನೆರಳಿನ ಬೆಂಚು ಅವನಿಗೇ ಮೀಸಲು. ಬೋರ್ಡು ಅಳಿಸಿದರೆ ಮುತ್ಯಾ ಸುಳ್ಳುಗಾರನಾಗುತ್ತಾನೆ. ಅಳಿಸದಿದ್ದರೆ ಸುಳ್ಳು ಪುಸ್ತಕಕ್ಕೆ ಹೋಗುತ್ತದೆ, ಅದೂ ಅವಳ ಕೈಯಿಂದ.

ಶಾಲೆಗೆ ಮರಳಿದಾಗ ಮಾಸ್ತರರು ಇನ್ನೂ ಬಂದಿರಲಿಲ್ಲ. ಬೋರ್ಡಿನ ಮುಂದೆ ಮುತ್ಯಾ ನಿಂತಿದ್ದ. ಒಗೆದ ಧೋತರ ಉಟ್ಟಿದ್ದ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

“ಅಕ್ಷರ ಮಸ್ತ್ ಅವ ನೋಡು,” ಅಂದ.

“ಮುತ್ಯಾ, ನೀ ಆ ಬಯಲಾಗ ದಿನಾ ಏನ್ ಮಾಡತಿದ್ದಿ?”

“ನಾನಾ? ಎಮ್ಮಿ ಹೊಡಿತಿದ್ದೆ.”

“ಎಮ್ಮಿ?”

“ಮತ್ತ! ವಿಮಾನ ಇಳಿಯೋ ಪಟ್ಟಿ ಮ್ಯಾಲ ಊರ ಎಮ್ಮಿ ಎಲ್ಲಾ ಬಂದು ಮಲಗತಿದ್ವು. ಅವನ್ನ ಎಬ್ಬಸೂದು, ಕಲ್ಲು ಆರಸೂದು, ಗಾಳಿ ಯಾವ ಕಡಿ ಅದ ನೋಡಾಕ ಕಂಬಕ್ಕ ಬಟ್ಟಿ ಚೀಲ ಏರಸೂದು. ಇವತ್ತ ಬರ್ತಾವ, ನಾಳಿ ಬರ್ತಾವ ಅಂತಿದ್ದ ಸಾಹೇಬ.”

“ಬಂದ್ವಾ?”

ಮುತ್ಯಾ ಮೂಗು ಒರೆಸಿಕೊಂಡ.

“ಯುದ್ಧನ ಮುಗೀತು,” ಅಂದ. “ಮೂರು ವರ್ಷ ಏನ್ ಮಾಡಿದಿ ಅಂತ ಮಂದಿ ಕೇಳ್ತಾರಲ್ಲವಾ. ಎಮ್ಮಿ ಹೊಡದೆ ಅಂತ ಹ್ಯಾಂಗ ಹೇಳಲಿ?”

ಮೂರು ವರ್ಷ ಅಂದರೆ ಎರಡನೇ ಇಯತ್ತೆಯಿಂದ ಐದನೇ ಇಯತ್ತೆಯವರೆಗೆ. ಅಷ್ಟೂ ಮುಂಜಾನೆ, ಬಾರದ ವಿಮಾನಕ್ಕೆ ಜಾಗ ಹಸನು ಮಾಡುವುದು. ಕಸ್ತೂರಿ ಲೆಕ್ಕ ಹಾಕಿದಳು.

ಆಮೇಲೆ ಸ್ಟೂಲು ಏರಿ, ಅಳಿಸಿ, ಬರೆದಳು.

“ಏನ್ ಬರಿಯಾಕತ್ತಿ? ಓದು,” ಅಂದ ಮುತ್ಯಾ.

ಓದಿದಳು: “‘ಯುದ್ಧದಲ್ಲಿ ನಮ್ಮೂರಿಗೆ ಒಂದೂ ವಿಮಾನ ಬರಲಿಲ್ಲ. ಬಂದಿದ್ದರೆ ಪಟ್ಟಿ ತಯಾರಿತ್ತು. ಚೌಕಿದಾರ ಸಂಗಪ್ಪನವರು ಮೂರು ವರ್ಷ, ಒಂದು ದಿನವೂ ತಪ್ಪದೆ, ಅದನ್ನು ಹಸನಾಗಿ ಇಟ್ಟಿದ್ದರು.’”

ಮುತ್ಯಾ ಬೆರಳು ಮಡಚಿ ಎಣಿಸಿದ.

“ತಪ್ಪ ಅದ,” ಅಂದ ಕೊನೆಗೆ. “ನಿಮ್ಮಪ್ಪ ಹುಟ್ಟಿದ ದಿನ ನಾ ಹೋಗಿದ್ದಿಲ್ಲ.”

ಕಸ್ತೂರಿ ‘ಒಂದು ದಿನವೂ ತಪ್ಪದೆ’ ಅಳಿಸಿ ‘ಒಂದೇ ಒಂದು ದಿನ ಬಿಟ್ಟು’ ಅಂತ ತಿದ್ದಿದಳು.

“ಮಾಸ್ತರರಿಗೆ ಯಾರು ಹೇಳೋರು, ಮುತ್ಯಾ?”

“ಆ ಸುಣ್ಣದ ಕಡ್ಡಿ ಇತ್ತ ತಾ.”

ಮುತ್ಯಾ ಬೋರ್ಡಿನ ಕೆಳಗೆ ಕುಕ್ಕರಗಾಲಲ್ಲಿ ಕೂತ. ನಿಜಾಮರ ಕಾಲದ ಶಾಲೆಯಲ್ಲಿ ಕಲಿತ ಉರ್ದು ಅಕ್ಷರದಲ್ಲಿ, ಬಲದಿಂದ ಎಡಕ್ಕೆ, ಬೋರ್ಡಿನ ಕೆಳ ಅಂಚಿನಲ್ಲಿ ನಿಧಾನವಾಗಿ ತನ್ನ ಹೆಸರು ಬರೆದ.