ಬಚ್ಚಲುಮನೆಯಲ್ಲಿ ಹತ್ತು ನಿಮಿಷ

“ಢಂ!” ಎಂದಳು ಸಂಪದಾ.

ಹೆಂಚಿನ ಮೇಲಿನ ಮಂಗಗಳು ಅವಳನ್ನೊಮ್ಮೆ ನೋಡಿ, ಬಾಳೆಹಣ್ಣು ಸುಲಿಯುವುದನ್ನು ಮುಂದುವರಿಸಿದವು.

ಐದನೇ ಕ್ಲಾಸಿನ ಸಂಪದಾ ಮಿಮಿಕ್ರಿಯಲ್ಲಿ ಭಂಡಿಗಡಿ ಊರಿಗೇ ಫಸ್ಟ್. ಮಂಗ ಓಡಿಸುವ ಗನ್ನಿನ ಸದ್ದನ್ನು ಬಾಯಲ್ಲೇ ಹೊಡೆಯುತ್ತಿದ್ದಳು. ಈ ವಾರ ಮಂಗಗಳಿಗೆ ಗುಟ್ಟು ಗೊತ್ತಾಗಿಬಿಟ್ಟಿತ್ತು. ಅದಕ್ಕೇ ಅವಳು ಹೊಸ ಐಟಂ ತೆಗೆದಳು. ಅತ್ತೆಯ ಮೊಬೈಲಿನ ವಿಡಿಯೊದಲ್ಲಿ ಕೇಳಿದ ಸೈರನ್. ಹೊಟ್ಟೆಯಿಂದ ಎದ್ದು, ಮೂಗಿಗೇರಿ, ಮತ್ತೆ ಇಳಿಯುವ ಉದ್ದನೆಯ ಊಳು.

ಮಂಗಗಳು ಕದಲಲಿಲ್ಲ. ಓಡಿದ್ದು ಅತ್ತೆ.

ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ಸುಮಲತಾ ಅತ್ತೆ ಬರಿಗಾಲಲ್ಲೇ ಬಚ್ಚಲುಮನೆಗೆ ನುಗ್ಗಿ ಚಿಲಕ ಹಾಕಿಕೊಂಡಳು. ಇಸ್ರೇಲಿನಲ್ಲಿ ಹೋಂ ನರ್ಸ್ ಆಗಿದ್ದವಳು, ಯುದ್ಧ ನೋಡಿ ಊರಿಗೆ ಬಂದು ಒಂದು ತಿಂಗಳಾಗಿತ್ತಷ್ಟೆ.

ಸಂಪದಾಳಿಗೆ ಮೊದಲು ನಗು ಬಂತು. ಆಮೇಲೆ ಆ ನಗು ಎಲ್ಲಿ ಹೋಯಿತೋ. ಒಳಗಿನಿಂದ ಉಸಿರಿನ ಸದ್ದೂ ಇಲ್ಲ. ಅತ್ತೆ ಇನ್ನು ಹೊರಗೇ ಬರದಿದ್ದರೆ?

ಅಜ್ಜಿ ಬಂದು ಬಾಗಿಲು ತಟ್ಟಿದರು. “ಇಲ್ಲಿ ಎಂತ ಬಾಂಬೂ ಇಲ್ಲ ಮಾರಾಯ್ತಿ. ಕಾಫಿ ಆರ್ತದೆ, ಬಾ.” ಅಜ್ಜಿ ಗೊಣಗಿಕೊಂಡು ಹೋದರು.

ಸಂಪದಾ ಬಾಗಿಲ ಸಂದಿಗೆ ಬಾಯಿಟ್ಟಳು. “ಅತ್ತೆ, ಅದು ನಾನು. ನನ್ನ ಬಾಯಿ.”

ಚಿಲಕ ಸರಿಯಿತು. ಒಂದು ಕೈ ಅವಳನ್ನು ಒಳಗೆಳೆದುಕೊಂಡಿತು.

ಒಳಗೆ ಬೇರೆಯೇ ಲೋಕ. ಒಂದು ಕಿಟಕಿಯೂ ಇಲ್ಲ. ಹಂಡೆಯ ಕೆಳಗೆ ಕೆಂಡಗಳು ನಿದ್ದೆಗಣ್ಣಲ್ಲಿ ಮಿಟುಕುತ್ತಿದ್ದವು. ಗಾಜಿನ ಹೆಂಚಿನಿಂದ ಇಳಿದ ಬಿಸಿಲ ಕೋಲಿನಲ್ಲಿ ಹೊಗೆ ಮೀನಿನಂತೆ ಈಜುತ್ತಿತ್ತು.

“ನೀನೇ ಅಂತ ನಂಗೂ ಗೊತ್ತು ಕೂಸೇ,” ಅತ್ತೆ ಪಿಸುಗುಟ್ಟಿದಳು. “ಕಾಲಿಗೆ ಗೊತ್ತಿಲ್ಲ. ಈಗ ಹತ್ತು ನಿಮಿಷ ಕೂರ್ಬೇಕು.”

ಇಸ್ರೇಲಿನಲ್ಲಿ ಹಾಗೇ ಅಂತೆ. ಸೈರನ್ ಕೂಗಿದರೆ ಒಂದೂವರೆ ನಿಮಿಷದಲ್ಲಿ, ತಾನು ನೋಡಿಕೊಳ್ಳುತ್ತಿದ್ದ ಮುದುಕಿಯ ವೀಲ್‌ಚೇರ್ ತಳ್ಳಿಕೊಂಡು ಗಟ್ಟಿ ಗೋಡೆಯ ರೂಮಿಗೆ ಓಡಬೇಕು. ಮುದುಕಿ ಅಲ್ಲೇ ಗೊರಕೆ ಹೊಡೆಯುತ್ತಿದ್ದಳಂತೆ. ಅತ್ತೆ ಮಾತ್ರ ಗೋಡೆಗೆ ಕಿವಿಯಿಟ್ಟು ಕೂತಿರುತ್ತಿದ್ದಳು.

“ಗಡಿಯಾಚೆ ಮಕ್ಕಳಿಗೆ ಓಡಿಹೋಗೂಕೆ ಇಂಥ ರೂಮೂ ಇರ್ಲಿಲ್ಲ,” ಎಂದಳು.

ಬಿಸಿಲಿನ ಚುಕ್ಕೆ ತಂಬಿಗೆಯಿಂದ ಇಳಿದು ಸಂಪದಾಳ ಪಾದಕ್ಕೆ ಬಂತು. ಹತ್ತು ನಿಮಿಷ ಯಾವಾಗಲೋ ಕಳೆದಿರಬೇಕು. ಅತ್ತೆ ಅವಳ ಕೈ ಬಿಡದೆ, ಇನ್ನೂ ಗೋಡೆಗೆ ಕಿವಿಯಿಟ್ಟು ಕೂತಿದ್ದಳು.

“ಒಳಗೆ ಇಬ್ಬರೂ ಎಂತ ಮಾಡ್ತಿದ್ದೀರೇ?” ಹೊರಗೆ ಅಜ್ಜಿಯ ದನಿ.

ಹೆಡ್‌ಮಾಸ್ಟರ ದನಿ, ಕಂಡಕ್ಟರನ ದನಿ, ಎರಡೂ ಸಂಪದಾಳ ನಾಲಿಗೆಯ ತುದಿಗೆ ಬಂದಿದ್ದವು. ಅವಳು ಎರಡನ್ನೂ ನುಂಗಿಕೊಂಡಳು.

“ಇನ್ನೂ ಹತ್ತು ನಿಮಿಷ ಆಗ್ಲಿಲ್ಲ ಅಜ್ಜಿ,” ಎಂದಳು ಮೆಲ್ಲಗೆ, ತನ್ನದೇ ದನಿಯಲ್ಲಿ.